ಹಡಗಿನ ಕಾರ್ಡು

ಆ ವರ್ಷ ಟಾರ್ಗೆಟ್ ಮುಟ್ಟಿದ ಸಿಮೆಂಟ್ ಡೀಲರ್‌ಗಳಿಗೆಲ್ಲ ಕಂಪನಿಯವರು ಹಡಗಿನ ಪ್ರವಾಸ ಕೊಟ್ಟಿದ್ದರು. ಸಿಂಗಾಪುರದಿಂದ ಹೊರಟು, ಎರಡು ಊರು ಮುಟ್ಟಿ, ಮತ್ತೆ ಸಿಂಗಾಪುರಕ್ಕೆ ಬರುವ ದೊಡ್ಡ ಹಡಗು. ಹಿಂದೆಲ್ಲ ಗಂಡಸರನ್ನಷ್ಟೇ ಕರೆದುಕೊಂಡು ಹೋಗುತ್ತಿದ್ದರು. ಈ ಸಲ ಹೆಂಡತಿಯರನ್ನೂ ಕರೆದಿದ್ದರು. ಹೊರಡುವುದಕ್ಕೆ ಒಂದು ವಾರವಿರುವಾಗ ಕಂಪನಿಯ ಶರತ್ಚಂದ್ರ ಎಲ್ಲರನ್ನೂ ಅರಸೀಕೆರೆಯ ಹೋಟೆಲೊಂದರ ಮಹಡಿಗೆ ಸೇರಿಸಿ, ಹಡಗಿನಲ್ಲಿ ದುಡ್ಡು ಹೇಗೆ ಖರ್ಚು ಮಾಡಬೇಕೆಂದು ಹೇಳಿಕೊಟ್ಟ.

"ಹಡಗಲ್ಲಿ ರೂಪಾಯಿ ನಡೆಯಲ್ಲ ಸರ್. ಡಾಲರ್ ನೋಟು ಕೊಟ್ರೂ ತಗೊಳಲ್ಲ. ಹತ್ತೋವಾಗ ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಕೊಡ್ತಾರೆ. ರೂಮಿನ ಬೀಗದ ಕೈಯೂ ಅದೇ, ಪರ್ಸೂ ಅದೇ. ನಿಮ್ಮ ಕ್ರೆಡಿಟ್ ಕಾರ್ಡೋ, ಬ್ಯಾಂಕಲ್ಲಿ ಮಾಡಿಸ್ಕೊಂಡ ಫಾರೆಕ್ಸ್ ಕಾರ್ಡೋ ಅದಕ್ಕೆ ಸೇರಿಸ್ಬೇಕು. ಅದಿಲ್ದೋರು ಕೌಂಟರಲ್ಲಿ ನಗದು ಕಟ್ಟಬಹುದು. ಮಿಕ್ಕಿದ್ದು ಕೊನೇ ದಿನ ವಾಪಸ್ ಕೊಡ್ತಾರೆ. ದಡಕ್ಕೆ ಇಳಿದಾಗ ಮಾತ್ರ ಕೈಲಿ ಸ್ವಲ್ಪ ನೋಟಿರ್ಲಿ."

"ಹೆಂಗಸರ ಕಾರ್ಡಿಗೆ?" ಎಂದು ಕೇಳಿದ್ದು ಬೇಲೂರಿನ ಡೀಲರ್ ಬಸವಕುಮಾರ್.

"ಒಂದು ರೂಮಿಗೆ ಒಂದೇ ಲೆಕ್ಕ ಸರ್. ಮೇಡಂ ಕಾರ್ಡ್ ಕೊಟ್ರೂ ನಿಮ್ಮ ಲೆಕ್ಕಕ್ಕೇ ಬರುತ್ತೆ. ಬೇಡ ಅಂದ್ರೆ ಕೌಂಟರಲ್ಲಿ ಒಂದು ಮಾತು ಹೇಳಿ, ನಿಲ್ಲಿಸ್ತಾರೆ. ಆಮೇಲೆ ಅದು ಬರೀ ಬೀಗದ ಕೈ."

"ನಿಲ್ಲಿಸ್ಬಿಡಪ್ಪ ಮತ್ತೆ. ಇಲ್ದಿದ್ರೆ ಹಡಗನ್ನೇ ಕೊಂಡ್ಕೊಂಡು ಬಂದ್ಬಿಟ್ಟಾರು" ಎಂದ ಚಿದಂಬರ.

ಎಲ್ಲರೂ ಗೊಳ್ಳೆಂದು ನಕ್ಕರು. ಚಿದಂಬರನ ಹೆಂಡತಿ ಉಷಾರಾಣಿಯೂ ನಕ್ಕಳು. ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ಅವನದು ದೊಡ್ಡ ಸಿಮೆಂಟ್, ಕಬ್ಬಿಣದ ಅಂಗಡಿ. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಕಿರಾಣಿ ಅಂಗಡಿಗೆ ಫೋನ್ ಮಾಡಿದರೆ ಸಾಮಾನು ಬರುತ್ತಿತ್ತು, ಸೀರೆ ಅಂಗಡಿಯವನು ಗಂಟು ತಂದು ಮನೆಯಲ್ಲೇ ಬಿಚ್ಚುತ್ತಿದ್ದ, ದುಡ್ಡು ಚಿದಂಬರ ಕೊಡುತ್ತಿದ್ದ. ಉಷಾರಾಣಿಯ ಕೈಗೆ ಮಾತ್ರ ಇಪ್ಪತ್ತೈದು ವರ್ಷದಲ್ಲಿ ನೋಟು ಬಂದದ್ದು ಕಡಿಮೆ. ಬಂದರೆ ಯಾಕೆ, ಎಲ್ಲಿಗೆ, ಮಿಕ್ಕಿದ್ದೆಷ್ಟು ಎಂಬ ಮೂರು ಪ್ರಶ್ನೆಯ ಜೊತೆಗೇ ಬರುತ್ತಿತ್ತು. ಅವನು ಕೈಯೆತ್ತಿದವನಲ್ಲ, ಕುಡಿದು ಬಂದವನಲ್ಲ. ಅದಕ್ಕೇ ಇದನ್ನು ಕಷ್ಟವೆಂದು ಯಾರ ಹತ್ತಿರವೂ ಹೇಳಿಕೊಳ್ಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಹೇಳಿಕೊಳ್ಳದೆಯೇ ಅರ್ಥ ಮಾಡಿಕೊಂಡವಳು ಬಸವಕುಮಾರನ ಹೆಂಡತಿ ಮಂಜುಳಾ. ಕಂಪನಿಯ ಊಟಗಳಲ್ಲಿ ಪರಿಚಯವಾಗಿ, ಆಮೇಲೆ ಫೋನಿನಲ್ಲಿ ಸ್ನೇಹ ಬೆಳೆದಿತ್ತು. ಉಷಾರಾಣಿಗಿಂತ ಮೂರು ನಾಲ್ಕು ವರ್ಷ ಚಿಕ್ಕವಳು, ಬಾಯಿ ತುಂಬ ಅಕ್ಕ ಎನ್ನುತ್ತಿದ್ದಳು. ಗಂಡಂದಿರು ಬಿಲ್ಲು ಓದುವ ಗತ್ತನ್ನು ಅವಳು ಅನುಕರಣೆ ಮಾಡಿ ತೋರಿಸಿದರೆ ಎಂಥವರಿಗೂ ನಗು ತಡೆಯುತ್ತಿರಲಿಲ್ಲ. ಆ ದಿನ ಮೆಟ್ಟಿಲಿಳಿಯುವಾಗಲೂ ಅಂದಳು: "ನೋಡಕ್ಕ, ಸಮುದ್ರದ ಮಧ್ಯಕ್ಕೆ ಹೋದ್ರೂ ನಮ್ಮ ಕೈಗೆ ಬೀಗದ ಕೈಯೇ."

ಹೊರಡುವ ಮುನ್ನ ಉಷಾರಾಣಿ ತಾಯಿಗೆ ಹೇಳಿ ಬರಲು ಹುಲಿಕೆರೆಗೆ ಹೋದಳು. ಶಿವಗಂಗಮ್ಮ ಬುತ್ತಿ ಕಟ್ಟಿಕೊಡುವವರಂತೆ ಒಂದು ಬಟ್ಟೆಯ ಗಂಟು ತಂದು ಮಗಳ ಮಡಿಲಿಗಿಟ್ಟರು. ತೋಟದಲ್ಲಿ ಉದುರಿದ ಕಾಯಿ ಮಾರಿ ಉಳಿಸಿದ್ದು.

"ಬ್ಯಾಡಮ್ಮ, ಅವರು ಎಲ್ಲ ನೋಡ್ಕೋತಾರೆ."

"ನೋಡ್ಕೊಳಲ್ಲ ಅಂದೆನಾ? ನೀರಿನ ಮ್ಯಾಲೆ ಹೋಗ್ತಿದ್ದೀಯ ಕಣವ್ವ. ನಿನ್ ಕೈಲೂ ಒಂದಿಷ್ಟಿರ್ಲಿ. ಅಳಿಯಂದ್ರಿಗೆ ಹೇಳೋದೇನೂ ಬ್ಯಾಡ."

ಆ ರೂಪಾಯಿಯನ್ನು ಏನು ಮಾಡುವುದೆಂದು ತಿಳಿಯದೆ ಅವಳು ಶರತ್ಚಂದ್ರನಿಗೆ ಫೋನ್ ಮಾಡಿದಳು. ಅವನು ಹಾಸನದಲ್ಲಿ ಅದನ್ನು ಸಿಂಗಾಪುರದ ನೋಟಿಗೆ ಬದಲಾಯಿಸಿ ತಂದುಕೊಟ್ಟ. ಅವಳು ಕೇಳುವ ಮೊದಲೇ "ಸರ್‌ಗೆ ಹೇಳಲ್ಲ ಬಿಡಿ ಮೇಡಂ" ಎಂದ. ನೋಟುಗಳನ್ನು ಒಂದು ಪುಟ್ಟ ಪರ್ಸಿಗೆ ಹಾಕಿ, ಕುಪ್ಪಸದೊಳಗೆ ಇಟ್ಟುಕೊಂಡೇ ಅವಳು ವಿಮಾನ ಹತ್ತಿದಳು.

ಹಡಗು ನೋಡಿ ಉಷಾರಾಣಿ, ಮಂಜುಳಾ ಇಬ್ಬರೂ ಬೆರಗಾದರು. ಅದೊಂದು ಊರೇ ಆಗಿತ್ತು. ಊಟಕ್ಕೆ, ನಾಟಕಕ್ಕೆ, ಈಜುಕೊಳಕ್ಕೆ ದುಡ್ಡಿಲ್ಲ. ಅಂಗಡಿಗೆ, ಫೋನಿನ ಇಂಟರ್‌ನೆಟ್ಟಿಗೆ, ಡಾಕ್ಟರಿಗೆ ದುಡ್ಡು. ಕಾರ್ಡನ್ನು ಬಣ್ಣದ ದಾರಕ್ಕೆ ಸಿಕ್ಕಿಸಿ ಎಲ್ಲರೂ ಕೊರಳಿಗೆ ಹಾಕಿಕೊಂಡಿದ್ದರು. ಮೊದಲ ದಿನ ಮಂಜುಳಾ ಮಗಳಿಗೆಂದು ಒಂದು ಕಿವಿಯೋಲೆ ಆರಿಸಿ ಕಾರ್ಡು ಕೊಟ್ಟಳು. ಮೆಷಿನ್ನು ಒಲ್ಲೆನೆಂದು ಸದ್ದು ಮಾಡಿತು. ಅಂಗಡಿಯ ಹುಡುಗಿ ನಯವಾಗಿಯೇ, ಈ ಕಾರ್ಡಿನಲ್ಲಿ ಖರ್ಚಿಗೆ ಅನುಮತಿಯಿಲ್ಲ, ನಿಮ್ಮ ಯಜಮಾನರನ್ನು ಕೇಳಿ ಎಂದಳು. ಮಂಜುಳಾ ಓಲೆಯನ್ನು ಪೆಟ್ಟಿಗೆಯಲ್ಲಿ ಮೊದಲಿದ್ದ ಹಾಗೆಯೇ ಜೋಡಿಸಿಟ್ಟು ಹೊರಗೆ ಬಂದಳು.

"ನಿಮ್ಮದು ನೋಡೋಣ ಕೊಡಿ ಅಕ್ಕ" ಎಂದಳು.

"ನೋಡೋದೇನು. ಅವರು ನಿಲ್ಲಿಸ್ತೀನಿ ಅಂದ್ರೆ ನಿಲ್ಲಿಸ್ತಾರೆ."

ನಾಲ್ಕನೆಯ ದಿನ ಹಡಗು ಎಲ್ಲೂ ನಿಲ್ಲುವಂತಿರಲಿಲ್ಲ. ಇಡೀ ದಿನ ಸಮುದ್ರವೇ. ಗಂಡಸರು ತಿಂಡಿ ಮುಗಿಸಿ ಕ್ಯಾಸಿನೋಗೆ ಹೋದರು. ಮಂಜುಳಾ ತಟ್ಟೆಯಲ್ಲಿದ್ದುದನ್ನು ಮುಟ್ಟಿರಲಿಲ್ಲ. ಬೆನ್ನು ಹಿಡಿದುಕೊಂಡಿದೆ, ದವಡೆ ನೋಯುತ್ತಿದೆ ಎಂದಳು. ಏಸಿ ತಣ್ಣಗೆ ಕೊರೆಯುತ್ತಿದ್ದರೂ ಅವಳ ಹಣೆ, ಕತ್ತು ಬೆವರಿನಿಂದ ಒದ್ದೆಯಾಗಿದ್ದವು.

"ಇದು ಹಡಗಿನ ತಲೆಸುತ್ತಲ್ಲ ಕಣೇ. ಡಾಕ್ಟರ ಹತ್ರ ಹೋಗೋಣ ನಡಿ."

ಆಸ್ಪತ್ರೆ ಹಡಗಿನ ತೀರ ಕೆಳಗಿನ ಅಂತಸ್ತಿನಲ್ಲಿತ್ತು. ಎದುರು ಕುಳಿತಿದ್ದ ನರ್ಸು ಮಂಗಳೂರಿನಲ್ಲಿ ಓದಿದ್ದ ಮಲಯಾಳಿ ಹುಡುಗಿ. ಇಬ್ಬರ ಮಾತು ಕೇಳಿ ಮುಖವರಳಿಸಿ, ತಡವರಿಸುತ್ತ ಕನ್ನಡದಲ್ಲೇ ಮಾತಾಡಿಸಿದಳು. ಕಾರ್ಡನ್ನು ಮೆಷಿನ್ನಿಗೆ ತೋರಿಸಿ, "ಇದರಲ್ಲಿ ಖರ್ಚು ಬರ್ತಿಲ್ಲ ಅಮ್ಮ. ಹಸ್ಬೆಂಡ್ ಬಂದು ಸೈನ್ ಮಾಡಿದ್ರೆ ಸಾಕು. ಇಲ್ಲಾಂದ್ರೆ ಮೇಲಿನ ಕೌಂಟರಲ್ಲಿ ಕ್ಯಾಶ್ ಕಟ್ಟಬಹುದು" ಎಂದಳು. ಆಮೇಲೆ ಮಂಜುಳಾಳ ಮುಖವನ್ನು ಸರಿಯಾಗಿ ನೋಡಿ, "ತುಂಬ ನೋವಿದ್ಯಾ? ಇದ್ರೆ ಈಗಲೇ ಒಳಗೆ ಬನ್ನಿ. ದುಡ್ಡು ಆಮೇಲೆ" ಎಂದಳು.

ಡಾಕ್ಟರು ನೋಡುವುದಕ್ಕೆ ಎಷ್ಟೆಂದು ಗೋಡೆಯ ಮೇಲೆ ಬರೆದಿತ್ತು. ಮಂಜುಳಾ ಅದನ್ನೇ ನೋಡುತ್ತಿದ್ದಳು. ರೂಪಾಯಿಗೆ ಎಷ್ಟಾಗುತ್ತದೆಂದು ಅವಳು ಮನಸ್ಸಿನಲ್ಲಿ ಕೂಡುತ್ತಿದ್ದುದು ಉಷಾರಾಣಿಗೆ ಗೊತ್ತಾಯಿತು.

"ಇಲ್ಲ ಇಲ್ಲ, ಗ್ಯಾಸ್ ಅಷ್ಟೇ" ಎಂದಳು ಮಂಜುಳಾ. "ಇವರನ್ನ ಒಂದು ಮಾತು ಕೇಳ್ಕೊಂಡು ಬತ್ತೀನಿ."

ಪರ್ಸು ಎದೆಗೆ ಒತ್ತುತ್ತಿತ್ತು. ಉಷಾರಾಣಿ ಆಗ ಬಾಯಿ ಬಿಡಬಹುದಿತ್ತು. ಆದರೆ ದುಡ್ಡು ಕಟ್ಟಿದರೆ ರಸೀದಿ ಬರುತ್ತದೆ, ವಿಷಯ ಬಸವಕುಮಾರನಿಗೆ ತಿಳಿಯುತ್ತದೆ, ಅವನಿಂದ ಚಿದಂಬರನಿಗೆ. ಎಲ್ಲಿಂದ ಬಂತು, ಯಾರು ಕೊಟ್ಟರು, ಯಾಕೆ ಮುಚ್ಚಿಟ್ಟೆ. ಅಷ್ಟೆಲ್ಲ ಅವಳ ತಲೆಯಲ್ಲಿ ಓಡುವಷ್ಟರಲ್ಲಿ ಮಂಜುಳಾ ಲಿಫ್ಟಿನ ಕಡೆಗೆ ಹೊರಟುಬಿಟ್ಟಿದ್ದಳು. ಇವಳೂ ಸುಮ್ಮನೆ ಹಿಂದೆ ಹೋದಳು.

ಕ್ಯಾಸಿನೋದಲ್ಲಿ ಹಗಲೂ ಕತ್ತಲೆಯೇ. ಸಾಲು ಜೂಜಿನ ಮೆಷಿನ್ನುಗಳ ಮುಂದೆ ಬಸವಕುಮಾರ್, ಚಿದಂಬರ ಅಕ್ಕಪಕ್ಕ ಕುಳಿತಿದ್ದರು. ಕೊರಳ ದಾರದ ತುದಿಯ ಕಾರ್ಡು ಮೆಷಿನ್ನಿನ ಬಾಯಿಗೆ ಸಿಕ್ಕಿಸಿತ್ತು. ಗಂಡಸರು ಕೊರಳಲ್ಲಿ ಕಟ್ಟಿಹಾಕಿದವರ ಹಾಗೆ ಮುಂದಕ್ಕೆ ಬಾಗಿದ್ದರು.

"ರೀ, ಬೆನ್ನು ನೋವು ಅಂತ ಡಾಕ್ಟರ ಹತ್ರ ಹೋಗಿದ್ದೆ. ನೀವು ಬಂದು ಸೈನ್ ಹಾಕ್ಬೇಕಂತೆ."

ಬಸವಕುಮಾರ್ ಕಣ್ಣೆತ್ತಲಿಲ್ಲ. "ಎಷ್ಟಂತೆ?"

ಅವಳು ಹೇಳಿದಳು.

"ಆ ದುಡ್ಡಲ್ಲಿ ಹಾಸನದಲ್ಲಿ ಇಡೀ ಮೈ ಚೆಕಪ್ ಮಾಡಿಸ್ಬಹುದು ಕಣೇ! ಸಿಕ್ಕಿದ್ದೆಲ್ಲ ತಿಂದಿದ್ದೀಯ, ಗ್ಯಾಸಾಗೈತೆ. ಒಂದು ಸೋಡಾ ಕುಡಿದು ಮಲಕ್ಕೋ. ನಾಳೆ ಬೆಳಿಗ್ಗೆ ಸಿಂಗಾಪುರ, ಅಲ್ಲಿ ನೋಡೋಣ."

ಉಷಾರಾಣಿ ಗಂಡನ ಭುಜ ಮುಟ್ಟಿದಳು. "ನೀವಾದ್ರೂ ಹೇಳ್ರಿ. ನೋಡಿ, ಹೇಗೆ ಬೆವರ್ತಿದ್ದಾಳೆ."

"ಗಂಡ ಹೆಂಡ್ತಿ ಮಧ್ಯೆ ನಾನೇನು ಹೇಳ್ಲಿ" ಎಂದ ಚಿದಂಬರ. ಮೆಷಿನ್ನಿನಲ್ಲಿ ಬಣ್ಣದ ಹಣ್ಣುಗಳು ಉರುಳುತ್ತಿದ್ದವು. ಅವು ನಿಲ್ಲುವವರೆಗೂ ಅವನು ಅತ್ತಲೇ ನೋಡಿದ. ಇತ್ತ ತಿರುಗಲಿಲ್ಲ.

ಹೊರಗೆ ಗಾಳಿಗೆ ಬಂದ ಮೇಲೆ ಉಷಾರಾಣಿ ಮಂಜುಳಾಳನ್ನು ಒಂದು ಉದ್ದ ಕುರ್ಚಿಯ ಮೇಲೆ ಒರಗಿಸಿ ಕೂರಿಸಿದಳು. "ನನ್ ಹತ್ರ ದುಡ್ಡಿದೆ ಕಣೇ. ನಮ್ಮಮ್ಮ ಕೊಟ್ಟಿದ್ದು. ಈಗಲೇ ಕಟ್ಟಿ ಬತ್ತೀನಿ."

"ನಿಮ್ಮನೆಯೋರಿಗೆ ಗೊತ್ತಾದ್ರೆ?"

"ಗೊತ್ತಾಗ್ಲಿ."

ಮಂಜುಳಾ ಅವಳ ಕೈ ಹಿಡಿದುಕೊಂಡು, ಅಂಥ ನೋವಿನಲ್ಲೂ ಸ್ವಲ್ಪ ನಕ್ಕಳು. "ನೀವೂ ಬಚ್ಚಿಟ್ಕೊಂಡಿದ್ರಾ? ನಾನೊಬ್ಬಳೇ ಪೆದ್ದಿ ಆದ್ನಲ್ಲಕ್ಕ" ಎಂದಳು. ಅವಳ ಬೆರಳುಗಳು ನೀರಿನಲ್ಲಿಟ್ಟ ಹಾಗೆ ತಣ್ಣಗಿದ್ದವು.

ಕೌಂಟರಿನ ಮುಂದೆ ಸಾಲಿತ್ತು. ಮುಂದಿದ್ದ ದಂಪತಿಗಳು ತಮ್ಮ ಲೆಕ್ಕದಲ್ಲಿ ಅಂಗಡಿಯ ಯಾವುದೋ ಸಾಮಾನು ಎರಡು ಸಲ ಬಂದಿದೆಯೆಂದು ವಾದಿಸುತ್ತಿದ್ದರು. ಉಷಾರಾಣಿಗೆ ಮಧ್ಯೆ ಬಾಯಿ ಹಾಕಲು ಇಂಗ್ಲಿಷ್ ಸಾಲದು. ಸಾಲು ಮುರಿದು ಹೋಗಿ ಗೋಗರೆಯಬಹುದಿತ್ತು. ಅದೂ ಅವಳಿಗೆ ಹೊಳೆಯಲಿಲ್ಲ. ಬ್ಯಾಂಕಿಗೆ, ಆಫೀಸಿಗೆ ಎಂದೂ ಒಬ್ಬಳೇ ಹೋಗಿ ಅಭ್ಯಾಸವಿಲ್ಲದ ಹೆಂಗಸು, ತನ್ನ ಸರದಿ ಬರುವವರೆಗೂ ಪರ್ಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಸರದಿ ಬಂದಾಗ ಕೌಂಟರಿನವನು ನೋಟುಗಳನ್ನು ತೆಗೆದುಕೊಂಡು, ಅವಳ ಕಾರ್ಡನ್ನು ಮೆಷಿನ್ನಿಗೆ ಹಿಡಿದು, ಇನ್ನು ಇದರಲ್ಲಿ ಖರ್ಚು ಮಾಡಬಹುದು ಎಂದು ನಗುತ್ತ ವಾಪಸು ಕೊಟ್ಟ. ಕೆಲಸ ಅಷ್ಟೇ ಇತ್ತು. ಮೊದಲ ದಿನವೇ ಮಾಡಬಹುದಾಗಿತ್ತು.

ಅವಳು ಓಡುತ್ತ ಮೇಲೆ ಬಂದಾಗ ಕುರ್ಚಿಯ ಸುತ್ತ ಜನ ನಿಂತಿದ್ದರು. ಮಂಜುಳಾ ಒಂದು ಮಗ್ಗುಲಿಗೆ ವಾಲಿದ್ದಳು, ಬಾಯಿ ತೆರೆದಿತ್ತು. ಯಾರೋ ಗಂಟೆ ಒತ್ತಿದ್ದರು. ಡಾಕ್ಟರು, ಅದೇ ಮಲಯಾಳಿ ಹುಡುಗಿ, ಇನ್ನಿಬ್ಬರು ಸ್ಟ್ರೆಚರಿನ ಜೊತೆ ಓಡಿ ಬಂದರು. ಅಲ್ಲೇ ನೆಲದ ಮೇಲೆ ಮಲಗಿಸಿ ಎದೆ ಒತ್ತಿದರು, ಕೆಳಗೆ ಒಯ್ದರು, ಮತ್ತೆ ಒತ್ತಿದರು. ಯಾರೂ ಕಾರ್ಡು ಕೇಳಲಿಲ್ಲ. ಸಹಿ ಕೇಳಲಿಲ್ಲ. ಉಷಾರಾಣಿಯೇ ತನ್ನ ಕಾರ್ಡನ್ನು ಕೊರಳಿಂದ ತೆಗೆದು ಒಬ್ಬೊಬ್ಬರಿಗೂ ತೋರಿಸುತ್ತ, "ದುಡ್ಡು ಕಟ್ಟಿದ್ದೀನಿ, ದುಡ್ಡು ಕಟ್ಟಿದ್ದೀನಿ" ಎನ್ನುತ್ತಿದ್ದಳು. ನರ್ಸು ಕೊನೆಗೆ ಹೊರಗೆ ಬಂದು ಅವಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. "ಆಗಲೇ ಒಳಗೆ ಬರಬೇಕಿತ್ತು ಅಮ್ಮ" ಎಂದಳು. ಹಾಗೆಂದು ಅವಳೂ ಅತ್ತಳು.

ಹಡಗು ಹತ್ತದೆ ಸಿಂಗಾಪುರದಲ್ಲೇ ಉಳಿದಿದ್ದ ಶರತ್ಚಂದ್ರ ಪೊಲೀಸರು, ಕಾಗದಪತ್ರ, ರಾಯಭಾರ ಕಚೇರಿ ಎಂದು ಓಡಾಡಿದ. ಬಂದರಿನ ಬೆಂಚಿನ ಮೇಲೆ ಉಷಾರಾಣಿ ಒಬ್ಬಳೇ ಕುಳಿತಿದ್ದಾಗ ಬಂದು ಪಕ್ಕದಲ್ಲಿ ಕುಳಿತ. ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಡಾಕ್ಟರ್ ಖರ್ಚಿಗೆ ಇನ್ಶೂರೆನ್ಸ್ ಇತ್ತಲ್ಲ ಮೇಡಂ. ಎಲ್ರಿಗೂ ಕಂಪನೀನೇ ಮಾಡ್ಸಿತ್ತು. ಸರ್‌ಗಳ ಮೊಬೈಲಿಗೆಲ್ಲ ಕಳ್ಸಿದ್ದೆ..." ಎನ್ನುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. ಕೈಯಲ್ಲಿದ್ದ ಕಾಗದಗಳನ್ನು ಮಡಚಿ, "ನಿಮಗೂ ಕಳಿಸ್ಬೇಕಿತ್ತು" ಎಂದ.

ದೇಹ ಊರು ಸೇರಲು ಒಂದು ವಾರ ಹಿಡಿಯಿತು. ಗೆಂಡೆಹಳ್ಳಿಯಲ್ಲಿ ಬಸವಕುಮಾರನ ಹಿರಿಯರ ತೋಟವಿತ್ತು. ಅಲ್ಲೇ ಮಣ್ಣು ಮಾಡಿದರು. ಅಷ್ಟರಲ್ಲಿ ಗಂಡಸರ ನಡುವೆ ಒಂದೇ ಮಾತು ಗಟ್ಟಿಯಾಗಿತ್ತು. ಚೆನ್ನಾಗೇ ಇದ್ದಳು, ಕೂತಲ್ಲೇ ಕುಸಿದುಬಿಟ್ಟಳು, ಯಾರಿಂದಲೂ ಏನೂ ಮಾಡಲಾಗಲಿಲ್ಲ. ಬಸವಕುಮಾರ್ ಬಂದವರಿಗೆಲ್ಲ ಅದನ್ನೇ ಹೇಳಿ ಅಳುತ್ತಿದ್ದ. ಅಳು ಸುಳ್ಳಾಗಿರಲಿಲ್ಲ. ಅವನ ಮುಖ ಒಂದೇ ವಾರದಲ್ಲಿ ಇಳಿದುಹೋಗಿತ್ತು.

ಮಂಜುಳಾಳ ಕೊನೆಯ ಕಾರ್ಯ, ಶಿವಗಣಾರಾಧನೆಯ ದಿನ ಬೇಲೂರಿನ ಮನೆ ತುಂಬ ನೆಂಟರಿದ್ದರು. ಊಟವಾದ ಮೇಲೆ ಮಂಜುಳಾಳ ಮಗಳು ಶಿಲ್ಪಾ ಉಷಾರಾಣಿಯನ್ನು ಹಿತ್ತಲಿಗೆ ಕರೆದಳು. ಹಾಸನದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ ಹುಡುಗಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಬ್ಬರೂ ಕುಳಿತರು.

"ಆಂಟಿ, ಅಮ್ಮ ಬೆಳಿಗ್ಗೆಯಿಂದ್ಲೂ ಚೆನ್ನಾಗೇ ಇದ್ರಾ?"

ಉಷಾರಾಣಿ ಬರುವಾಗ ಗಂಡನಿಗೆ ಮಾತು ಕೊಟ್ಟಿದ್ದಳು. ಆಗಿದ್ದು ಆಗಿಹೋಗಿದೆ, ಆ ಮಗುವಿನ ತಲೆ ಕೆಡಿಸಬೇಡ ಎಂದು ಅವನು ಕಾರಿನಲ್ಲಿ ಎರಡೆರಡು ಸಲ ಹೇಳಿದ್ದ. ಹೂಂ ಎಂದಿದ್ದಳು. ಈಗ ಹುಡುಗಿಯ ಮುಖ ನೋಡಿದಳು. ತಾಯಿಯದೇ ಹಣೆ, ತಾಯಿಯದೇ ಹುಬ್ಬು.

"ಇಲ್ಲ ಕಣಮ್ಮ. ಇರಲಿಲ್ಲ."

ಮೊದಲಿಂದ ಹೇಳಿದಳು. ನೋವು, ನರ್ಸು, ಕ್ಯಾಸಿನೋ, ಸಾಲು. ತನ್ನ ಪರ್ಸಿನ ವಿಷಯವನ್ನೂ, ಆಸ್ಪತ್ರೆಯಲ್ಲಿ ಬಾಯಿ ಬಿಡದೆ ನಿಂತದ್ದನ್ನೂ ಹೇಳಿದಳು. ಶಿಲ್ಪಾ ಅಳಲಿಲ್ಲ. ಎದ್ದು ಸೀದಾ ನಡುಮನೆಗೆ ಹೋದಳು. ಜಮಖಾನೆಯ ಮೇಲೆ ಹಿರಿಯರೆಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು.

"ಅಪ್ಪ, ಅಮ್ಮನ ಕಾರ್ಡಿಗೆ ಖರ್ಚು ನಿಲ್ಸಿದ್ದು ನೀವೇನಾ?"

ಬಸವಕುಮಾರ್ ಮಗಳ ಕಡೆ, ಬಾಗಿಲಲ್ಲಿ ಬಂದು ನಿಂತ ಉಷಾರಾಣಿಯ ಕಡೆ ನೋಡಿದ.

"ಎಲ್ರೂ ನಿಲ್ಸಿದ್ರು ಕಣಮ್ಮ" ಎಂದ, ಚಿಕ್ಕ ಹುಡುಗನ ಹಾಗೆ. "ಚಿದಂಬರಾನೂ ನಿಲ್ಸಿದ್ದ. ಕೇಳು ಬೇಕಾದ್ರೆ."

ಚಿದಂಬರ ಶಲ್ಯ ಕೊಡವಿಕೊಂಡು ಎದ್ದ. "ಹೊರಡೋಣ ನಡಿ" ಎಂದು ಹೆಂಡತಿಗೆ ಹೇಳಿ, ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿದ.

ಕಾರು ಹಳೇಬೀಡು ದಾಟಿತು. ಆಮೇಲೆ ಅವನು ರಸ್ತೆ ನೋಡುತ್ತಲೇ ಕೇಳಿದ: "ಅಷ್ಟು ಜನರ ಮುಂದೆ ನನ್ನ ಮಾನ ತೆಗೆದೆ. ನಿನ್ನ ಹತ್ರ ದುಡ್ಡಿತ್ತಲ್ಲ, ಹಡಗಿನ ಬಿಲ್ಲಲ್ಲೇ ಬಂದಿತ್ತು. ನರ್ಸು ಕೇಳಿದಾಗ್ಲೇ ಯಾಕೆ ಕಟ್ಟಲಿಲ್ಲ? ಅವಳನ್ನ ಕೊಂದಿದ್ದು ನಾವೋ ನೀನೋ?"

ಅದೇ ಪ್ರಶ್ನೆಯನ್ನು ಅವಳು ಅಷ್ಟು ದಿನದಿಂದ ತನಗೆ ತಾನೇ ಕೇಳಿಕೊಂಡಿದ್ದಳು. ಅವನ ಬಾಯಿಂದ ಕೇಳಿದಾಗ ಉತ್ತರ ಸಲೀಸಾಗಿ ಬಂತು.

"ನಿಮಗೆ ಹೆದರಿಕೊಂಡು ಕಟ್ಟಲಿಲ್ಲ."

"ನಾನೇನು ನಿನ್ನ ಹೊಡೀತಿದ್ನಾ?"

"ಇಲ್ಲ. ಕೇಳ್ತಿದ್ರಿ."

ಅವನಿಗೆ ಅರ್ಥವಾಯಿತೋ ಇಲ್ಲವೋ, ಗೇರು ಬದಲಾಯಿಸಿದ. ಹುಲಿಕೆರೆಯ ದಾರಿ ಬಂದಾಗ ಅವಳು ಕಾರು ನಿಲ್ಲಿಸಲು ಹೇಳಿ ಇಳಿದಳು. ಅವನು ತಡೆಯಲಿಲ್ಲ, ತಾನೂ ಇಳಿಯಲಿಲ್ಲ.

ತಾಯಿಯ ಮನೆಯಲ್ಲಿ ಅವಳು ಇದ್ದದ್ದು ದೀಪಾವಳಿಯವರೆಗೆ. ಆಮೇಲೆ ಚಿದಂಬರನ ಅಣ್ಣ ಬಂದು, ನಾಲ್ಕು ಜನ ಏನಂದಾರು ಎಂದು ಹೇಳಿ ಕರೆದುಕೊಂಡು ಹೋದ. ಉಷಾರಾಣಿ ಹೋದಳು. ಈಗ ಚಿದಂಬರ ಅವಳನ್ನು ಯಾವ ಖರ್ಚನ್ನೂ ಕೇಳುವುದಿಲ್ಲ. ಬೇರೆ ಏನನ್ನೂ ಕೇಳುವುದಿಲ್ಲ. ಊಟಕ್ಕೆ ಬಡಿಸಿದರೆ ಉಣ್ಣುತ್ತಾನೆ, ಅಂಗಡಿಗೆ ಹೋಗುತ್ತಾನೆ. ಮರುವರ್ಷವೂ ಟಾರ್ಗೆಟ್ ಮುಟ್ಟಿದ. ಕಂಪನಿ ಡೀಲರ್‌ಗಳನ್ನು ದುಬೈಗೆ ಕಳಿಸಿತು. ಬಸವಕುಮಾರನೂ ಜೊತೆಗೆ ಹೋಗಿದ್ದ. ಮನಸ್ಸಿಗೆ ಒಂಚೂರು ಬದಲಾವಣೆ ಬೇಕಲ್ಲ ಎಂದು ಬೇಲೂರಿನ ನೆಂಟರೇ ಒತ್ತಾಯ ಮಾಡಿದರಂತೆ.

ಶಿಲ್ಪಾ ತಂದೆಯ ಮನೆಗೆ ಹೋಗುವುದು ಅಪರೂಪ. ಹಾಸನದಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಹಿಡಿದು ಹಾಸ್ಟೆಲಿನಲ್ಲಿದ್ದಾಳೆ. ಆಗಾಗ ಭಾನುವಾರ ಬಸ್ಸು ಹತ್ತಿ ಅರಸೀಕೆರೆಗೆ ಬರುತ್ತಾಳೆ. ಚಿದಂಬರ ಅವಳನ್ನು ಕಂಡರೆ ಅಂಗಿ ಹಾಕಿಕೊಂಡು ಹೊರಗೆ ಹೋಗಿಬಿಡುತ್ತಾನೆ. ಉಷಾರಾಣಿ ಅವಳಿಗೆ ರೊಟ್ಟಿ ತಟ್ಟಿ ಬಡಿಸುತ್ತಾಳೆ. ಹುಡುಗಿ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ ಕೂರುತ್ತಾಳೆ.

"ಹೇಳಿ ಆಂಟಿ" ಎನ್ನುತ್ತಾಳೆ. "ಬೆಳಿಗ್ಗೆ ತಿಂಡಿಗೆ ಕೂತಿದ್ರಿ, ಆಮೇಲೆ?"

ಎಷ್ಟು ಸಲ ಹೇಳಿದ್ದರೂ ಉಷಾರಾಣಿ ಮತ್ತೆ ಹೇಳುತ್ತಾಳೆ. ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಕುಳಿತು, ಒಂದನ್ನೂ ಬಿಡದೆ ಹೇಳುತ್ತಾಳೆ. ಆಸ್ಪತ್ರೆಯ ಬಾಗಿಲಲ್ಲಿ ತಾನು ಸುಮ್ಮನೆ ನಿಂತ ಜಾಗ ಬಂದಾಗ ಅವಳ ಕೈ ಅಂದು ಪರ್ಸು ಇದ್ದ ಕಡೆಗೆ, ಎದೆಯ ಹತ್ತಿರ ಹೋಗುತ್ತದೆ. ಹುಡುಗಿ ಕಾಯುತ್ತಾಳೆ. ಉಷಾರಾಣಿ ಮುಂದಿನದನ್ನು ಹೇಳುತ್ತಾಳೆ.